ಮೊದಲು ದಡ ಮುಟ್ಟಿದವನು

ಬಂದರಿನಲ್ಲಿ ದೋಣಿಗಳು ನಿಲ್ಲುವ ದಕ್ಕೆಯಲ್ಲಿ ತಾರಾನಾಥ ಶೆಟ್ಟಿ ಎಂದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ‘ನೀರು ಮಾಸ್ಟ್ರು’ ಎನ್ನಬೇಕು. ಆಗ ದೋಣಿಯವನಿಂದ ಹಿಡಿದು ಮೀನಿನ ಬುಟ್ಟಿ ಹೊತ್ತ ಹೆಂಗಸಿನವರೆಗೆ ಎಲ್ಲರೂ ಕೈ ತೋರಿಸುತ್ತಿದ್ದರು, ಅಗೋ ಅಲ್ಲಿ, ಮೊಣಕಾಲುಮಟ್ಟ ನೀರಿನಲ್ಲಿ ನಿಂತು ಯಾರಿಗೋ ಬೈಯುತ್ತಿದ್ದಾನಲ್ಲ, ಅವನೇ.

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಮಾಸ್ಟ್ರಾದದ್ದು ಒಂದು ಕಥೆ. ಅವನ ತಾಯಿಮನೆ ಉಳ್ಳಾಲದ ಕಡೆ, ನೇತ್ರಾವತಿಯ ಬದಿಯಲ್ಲಿ. ಗದ್ದೆ ಇತ್ತು, ತೆಂಗಿತ್ತು, ಯಜಮಾನಿಕೆಯೂ ಇತ್ತು. ಆದರೆ ಯಜಮಾನಿಕೆ ಸೋದರಮಾವನದ್ದು. ಮಾವನೂ ಅಳಿಯನೂ ಒಂದೇ ಅಚ್ಚಿನವರು, ಇಬ್ಬರಿಗೂ ಮೂಗಿನ ತುದಿಯಲ್ಲಿ ಸಿಟ್ಟು. ಒಂದು ಮಧ್ಯಾಹ್ನ ಅರ್ಧ ಊಟದಲ್ಲಿ ಎಲೆ ಬಿಟ್ಟು ಎದ್ದ ತಾರಾನಾಥ ಮತ್ತೆ ಆ ಮನೆಯ ಮೆಟ್ಟಿಲು ಹತ್ತಲಿಲ್ಲ. ಮಂಗಳೂರಿಗೆ ಬಂದು ಸಂಬಂಧಿಕರ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತ. ಗಿರಾಕಿಗಳಿಗೆ ಬೈದು ಅಲ್ಲಿಂದಲೂ ಎದ್ದ. ಸಿಟ್ಟು ಬಂದಾಗಲೆಲ್ಲ ಅವನು ಹೋಗಿ ಬೀಳುತ್ತಿದ್ದದ್ದು ಹೊಳೆಗೆ. ಆ ಹೊಳೆಯೇ ಕೊನೆಗೆ ಅನ್ನ ಕೊಟ್ಟಿತು.

ಎಪ್ಪತ್ತನೇ ಇಸವಿಯಲ್ಲಿ ಸರಕಾರದವರು ಶಾಲೆಗಳಲ್ಲಿ ಯುವಜನ ವಿಕಾಸ ಎಂಬ ಒಂದು ಯೋಜನೆ ತಂದರು. ಪಾಠದ ಹೊರಗೆ ಮಕ್ಕಳಿಗೆ ಧೈರ್ಯ, ಶಿಸ್ತು, ಪರೋಪಕಾರ ಕಲಿಸಬೇಕಂತೆ. ಎಂತದರ ಮೂಲಕ ಕಲಿಸುತ್ತೀರಿ ಎಂಬುದು ಶಾಲೆಗೆ ಬಿಟ್ಟದ್ದು. ಕುದ್ರೋಳಿಯ ಹತ್ತಿರದ ಒಂದು ಹೈಸ್ಕೂಲಿನಲ್ಲಿ ಪೌಲ್ ಸರ್ ಎಂಬವರು ಹೆಡ್ಮಾಸ್ಟರು. ಅವರ ಶಾಲೆಗೆ ಹೊಳೆಗೂ ಸಮುದ್ರಕ್ಕೂ ನಡುವಿನ ಬೆಂಗ್ರೆಯ ಮಕ್ಕಳು ದಿನಾ ದೋಣಿಯಲ್ಲಿ ಹೊಳೆ ದಾಟಿ ಬರುತ್ತಿದ್ದರು. ಈಜು ಇರಲಿ ಎಂದರು ಪೌಲ್ ಸರ್. ಕಲಿಸುವವನು ಬೇಕಲ್ಲ, ದಕ್ಕೆಯಲ್ಲಿ ವಿಚಾರಿಸಿದರು, ತಾರಾನಾಥ ಸಿಕ್ಕಿದ. ಟೆಂಪರರಿ ಕೆಲಸ. ಹದಿಮೂರು ವರ್ಷವೂ ಅದು ಟೆಂಪರರಿಯಾಗಿಯೇ ಉಳಿಯಿತು.

ದಕ್ಕೆಯವರು ನಕ್ಕರು. ಬೆಂಗ್ರೆಯ ಮಕ್ಕಳಿಗೆ ಈಜು ಕಲಿಸುವುದೆಂದರೆ ಬೆಕ್ಕಿಗೆ ಹಾಲು ಕುಡಿಯಲು ಕಲಿಸಿದ ಹಾಗೆ ಎಂದರು. ತಾರಾನಾಥನ ಬಾಯಿ ಸುಮ್ಮನಿರುವ ಜಾತಿಯದ್ದಲ್ಲ.

“ಈಜುವುದು ಅವರಿಗೆ ಗೊತ್ತುಂಟು ಮಾರಾಯ. ಹಿಂದೆ ತಿರುಗಿ ನೋಡುವುದು ಗೊತ್ತಿಲ್ಲ. ಅದನ್ನು ಕಲಿಸ್ತೇನೆ ನಾನು.”

ಅವನ ಇಡೀ ವಿದ್ಯೆ ಅಷ್ಟೇ. ಊರಿನ ಮಕ್ಕಳು, ಬೆಂಗ್ರೆಯ ಮಕ್ಕಳು ಎಲ್ಲರೂ ಒಟ್ಟಿಗೆ ನೀರಿಗೆ ಇಳಿಯಬೇಕು. ಆಚೆ ಮರಳದಿಬ್ಬದಿಂದ ಈಚೆ ಕಲ್ಲುಕಟ್ಟೆಗೆ ಈಜಬೇಕು. ಯಾರು ಮೊದಲು ಕಲ್ಲು ಮುಟ್ಟುತ್ತಾನೋ ಅವನಿಗೆ ಚಪ್ಪಾಳೆ ಇಲ್ಲ. ಅವನು ಕಲ್ಲು ಮುಟ್ಟಿದ ಕೂಡಲೇ ತಿರುಗಿ ಹೋಗಬೇಕು, ಎಲ್ಲರಿಗಿಂತ ಹಿಂದೆ ಬಿದ್ದವನ ಹತ್ತಿರ ಹೋಗಿ, ಅವನ ಜೊತೆಯಲ್ಲೇ ಬರಬೇಕು. ಮೊದಲಿನವನು ಕೊನೆಯವನಾಗಿ ದಡ ಹತ್ತಿದ ಮೇಲೆ ಆವತ್ತಿನ ಕ್ಲಾಸು ಮುಗಿಯಿತು.

ಬೆಂಗ್ರೆಯ ಪಾತುಮ್ಮನ ಮಗ ಸುಲೈಮಾನ್ ಮೊದಲ ದಿನವೇ ಎಲ್ಲರಿಗಿಂತ ಮುಂದೆ ಬಂದು ಕಲ್ಲುಕಟ್ಟೆ ಹತ್ತಿ ಕಾಲು ಇಳಿಬಿಟ್ಟು ಕುಳಿತ. ಪಾತುಮ್ಮ ಬೀಡಿ ಕಟ್ಟಿ ಸಾಕಿದ ಒಬ್ಬನೇ ಮಗ, ಗಂಡ ಇಲ್ಲ. ಹುಡುಗನಿಗೆ ತನ್ನ ಈಜಿನ ಮೇಲೆ ಅಹಂಕಾರ. ಹಿಂದೆ ಯಾರೋ ನೀರು ಕುಡಿಯುತ್ತಿದ್ದಾನೆ, ಇವನು ನಗುತ್ತಿದ್ದಾನೆ. ತಾರಾನಾಥ ನೀರಿನಿಂದ ಎದ್ದು ಬಂದವನೇ ಕೆನ್ನೆಗೆ ಒಂದು ಬಾರಿಸಿದ.

“ನೀನು ಮುಟ್ಟಿದೆ. ಅವನು ಮುಟ್ಟಿದನಾ? ಹೋಗು.”

ಸುಲೈಮಾನ್ ಹೋದ. ಅಳದೆ ಹೋದ. ಆಮೇಲೆ ಆ ಹುಡುಗನಿಗೆ ಎರಡನೇ ಸಲ ಹೇಳಬೇಕಾಗಿ ಬರಲಿಲ್ಲ. ಶಾಲೆ ಬಿಡುವವರೆಗೂ ಅವನೇ ಮೊದಲಿಗ, ಹಾಗಾಗಿ ಅವನೇ ಕೊನೆಯವನು. ತಾರಾನಾಥನಿಗೆ ಮಕ್ಕಳಿಲ್ಲ, ಮಗನ ಹಾಗೆ ಎಂದು ಅವನು ಯಾವತ್ತೂ ಹೇಳಿದವನಲ್ಲ. ಆದರೆ ಆ ಹುಡುಗ ನೀರಿಗೆ ಬಿದ್ದರೆ ಇವನ ಬೈಗುಳ ನಿಲ್ಲುತ್ತಿತ್ತು. ದೋಣಿಯವರು ಅದನ್ನು ಗಮನಿಸಿದ್ದರು.

ಎಸ್ಸೆಸ್ಸೆಲ್ಸಿ ಮುಗಿಸಿದ ಸುಲೈಮಾನ್ ಎರಡು ವರ್ಷ ಬಂದರಿನಲ್ಲಿ ಮೂಟೆ ಲೆಕ್ಕ ಬರೆದ. ಎಪ್ಪತ್ನಾಲ್ಕರಲ್ಲಿ ಕುದ್ರೋಳಿಯ ಝುಬೈದಾ ಎಂಬ ಹುಡುಗಿಯನ್ನು ಮದುವೆಯಾದ. ಮದುವೆಯ ಅತ್ತರಿನ ವಾಸನೆ ಹೋಗುವ ಮೊದಲೇ ಬೊಂಬಾಯಿಗೆ ಹೊರಟ. ಆ ಕಾಲದಲ್ಲಿ ಹುಡುಗರೆಲ್ಲ ಹೋಗುತ್ತಿದ್ದದ್ದು ಹಾಗೆಯೇ: ಬೊಂಬಾಯಿಯವರೆಗೆ ಬಸ್ಸು, ಅಲ್ಲಿಂದ ಕಳ್ಳ ಲಾಂಚು, ಆಚೆ ದುಬೈ. ಪಾಸ್‌ಪೋರ್ಟೂ ಇಲ್ಲ, ಎಂತದೂ ಇಲ್ಲ. ಪಾತುಮ್ಮ ಬೇಡವೆಂದಳು, ಸಮುದ್ರದ ಮೇಲೆ ಆಣೆ ಹಾಕಿ ಬೇಡವೆಂದಳು. ಸುಲೈಮಾನ್ ನಕ್ಕು, ಉಮ್ಮಾ, ನಾನು ನೀರು ಮಾಸ್ಟ್ರ ಶಿಷ್ಯ, ನನಗೆಂತ ಹೆದರಿಕೆ ಎಂದನಂತೆ. ದಕ್ಕೆಯಲ್ಲಿ ತಾರಾನಾಥನ ಕಾಲು ಮುಟ್ಟಲು ಬಗ್ಗಿದ. ತಾರಾನಾಥ ಬೈದು ಎಬ್ಬಿಸಿದ. ಹೋದವನ ಕಾಗದ ಬರಲಿಲ್ಲ. ಒಂದು ವರ್ಷ, ಎರಡು ವರ್ಷ. ದುಬೈಯಿಂದ ಬಂದವರನ್ನೆಲ್ಲ ಪಾತುಮ್ಮ ಕೇಳಿದಳು. ದೊಡ್ಡ ಊರು, ಎಲ್ಲಾದರೂ ಇದ್ದಾನು ಎಂದರು.

ಎಪ್ಪತ್ತೆಂಟರಲ್ಲಿ ನೂರ್ ಮುಹಮ್ಮದ್ ಎಂಬವನು ರಜೆಯಲ್ಲಿ ಬಂದ. ತೊಕ್ಕೊಟ್ಟಿನವನು, ಸುಲೈಮಾನನ ಜೊತೆ ಅದೇ ಲಾಂಚು ಹತ್ತಿದ್ದವನು. ಕೈಯಲ್ಲಿ ಚಿನ್ನದ ಬಣ್ಣದ ವಾಚು, ಮೈಗೆಲ್ಲ ಸೆಂಟು. ಅವನು ಬೆಂಗ್ರೆಗೆ ಹೋಗಲಿಲ್ಲ. ದಕ್ಕೆಗೆ ಬಂದು ತಾರಾನಾಥನನ್ನು ಒಂದು ಬದಿಗೆ ಕರೆದುಕೊಂಡು ಹೋದ. ಹೇಳಬೇಕಾದ್ದನ್ನು ಹೊಳೆಯ ಕಡೆ ನೋಡಿಕೊಂಡು ಹೇಳಿದ.

ಲಾಂಚಿನವನು ದಡ ಕಾಣುವ ದೂರದಲ್ಲಿ ನಿಲ್ಲಿಸಿ, ಇನ್ನು ಮುಂದೆ ಬರುವುದಿಲ್ಲ, ಪೊಲೀಸಿದ್ದಾರೆ, ಹಾರಿ ಎಂದನಂತೆ. ಬೆಳಗಿನ ಜಾವ. ಹಾರದವರನ್ನು ದೂಡಿದರಂತೆ. ಸುಲೈಮಾನ್ ಎಲ್ಲರಿಗಿಂತ ಮೊದಲು ದಡ ಮುಟ್ಟಿದ. ಹಿಂದೆ ಯಾರೋ ಕೂಗಿದರು. ಅವನು ತಿರುಗಿ ನೀರಿಗೆ ಹೋದ. ಮತ್ತೆ ಬರಲಿಲ್ಲ.

ಇಷ್ಟು ಹೇಳಿ ನೂರ್ ಮುಹಮ್ಮದ್ ಇವನ ಕೈ ಹಿಡಿದುಕೊಂಡ. ಯಾರಿಗೂ ಹೇಳಬಾರದು ಎಂದ. ತನ್ನ ತಮ್ಮನ ಪ್ರಯಾಣವೂ ಅದೇ ಏಜೆಂಟನ ಕೈಯಲ್ಲಿದೆ, ಬಾಯಿಬಿಟ್ಟರೆ ಎಲ್ಲರೂ ಸಿಕ್ಕಿಬೀಳುತ್ತಾರೆ ಎಂದ. ತಾರಾನಾಥ ಮಾತು ಕೊಟ್ಟ. ಬೇರೆ ಹೊತ್ತಾದರೆ ಕುತ್ತಿಗೆ ಹಿಡಿಯುತ್ತಿದ್ದ ಮನುಷ್ಯ ಆವತ್ತು ಎರಡು ಮಾತಾಡದೆ ಕೊಟ್ಟ. ಪಾತುಮ್ಮನಿಗೆ ಹೇಳದಿರಲು ಅವನಿಗೂ ಒಂದು ನೆಪ ಬೇಕಿತ್ತು.

ಆವತ್ತಿನಿಂದ ಶುರುವಾಯಿತು. ಸಂಜೆ ಮಕ್ಕಳನ್ನು ನೀರಿಗೆ ಬಿಟ್ಟು ತಲೆ ಎಣಿಸುವಾಗ ಒಂದು ತಲೆ ಹೆಚ್ಚಿಗೆ ಕಾಣುತ್ತಿತ್ತು. ಎಲ್ಲ ತಲೆಗಳೂ ದಡದ ಕಡೆ ಬರುತ್ತಿದ್ದರೆ ಅದೊಂದು ಆಚೆ ಹೋಗುತ್ತಿತ್ತು, ಹೊಳೆ ಸಮುದ್ರ ಸೇರುವ ಅಳಿವೆಬಾಗಿಲಿನ ಕಡೆ. ಕಣ್ಣುಜ್ಜಿ ನೋಡಿದರೆ ತೆಂಗಿನಕಾಯಿ. ಇಲ್ಲ ಬಲೆಯ ಬೆಂಡು. ಇಲ್ಲ ಏನೂ ಇಲ್ಲ. ಸುಲೈಮಾನನ ಕೆನ್ನೆಗೆ ಹೊಡೆದ ಅಂಗೈ ತಣ್ಣೀರು ತಾಗಿದರೆ ಸುಡುತ್ತಿತ್ತು. ಹೆಂಡತಿ ರತ್ನಾವತಿ ಬೇವಿನೆಣ್ಣೆ ಹಚ್ಚಿದಳು. ನಂಜು ಇರಬೇಕು ಎಂದಳು.

ಎಪ್ಪತ್ತೊಂಬತ್ತರ ಮೇ ತಿಂಗಳಲ್ಲಿ ಬೆಂಗಳೂರಿನಿಂದ ಚಿತ್ತರಂಜನ ಹೆಗ್ಡೆ ಎಂಬ ಅಧಿಕಾರಿ ಬಂದರು. ಯೋಜನೆಯಿಂದ ಮಕ್ಕಳಿಗೆ ಏನು ಪ್ರಯೋಜನವಾಯಿತು ಎಂದು ಮೌಲ್ಯಮಾಪನ ಮಾಡಬೇಕಂತೆ. ಪ್ರಯೋಜನ ಇಲ್ಲದ ಕಡೆ ನಿಲ್ಲಿಸಬೇಕಂತೆ. ಓದಿದವರ ಬುದ್ಧಿ ನೋಡಿ. ಮೇ ತಿಂಗಳಲ್ಲಿ ಶಾಲೆಯಲ್ಲಿ ಮಕ್ಕಳು ಎಲ್ಲಿಂದ? ಬೆಂಚಿನ ಮೇಲೆ ಬೆಂಚು ಪೇರಿಸಿಟ್ಟಿದೆ, ವರಾಂಡದಲ್ಲಿ ನಾಯಿ ಮಲಗಿದೆ. ಹೆಗ್ಡೆಯವರಿಗೆ ಅದೇನೂ ತೊಂದರೆಯಾಗಲಿಲ್ಲ. ಕಾರ್ಯಕ್ರಮ ನಡೆಸುವ ಸಿಬ್ಬಂದಿಯ ಮೂಲಕವೇ ಅಳೆಯುವುದು ಹೊಸ ಕ್ರಮ ಎಂದರು. ಊಟ ಹೇಗಿತ್ತು ಎಂದು ಉಂಡವರನ್ನು ಬಿಟ್ಟು ಬಡಿಸಿದವನನ್ನು ಕೇಳಿದ ಹಾಗೆ. ಬಡಿಸಿದವನು ಎಂತ ಹೇಳಿಯಾನು?

ಅವರು ಬಂಟ್ವಾಳದ ಕಡೆಯವರು, ತುಳು ಮಾತಾಡಿದರು. ಚಹಾ ತರಿಸಿದರು. ಶೆಟ್ರೆ ಶೆಟ್ರೆ ಎಂದು ಬಹುವಚನದಲ್ಲಿ ಕರೆದರು. ಅಷ್ಟು ವರ್ಷದಲ್ಲಿ ತಾರಾನಾಥನ ಕೆಲಸದ ಬಗ್ಗೆ ಕುರ್ಚಿ ಕೊಟ್ಟು ಕೂರಿಸಿ ಕೇಳಿದವರು ಅವರೊಬ್ಬರೇ. ಅವನು ಉಬ್ಬಿದ. ಮೊದಲು ಮುಟ್ಟಿದವನು ಹಿಂದೆ ಹೋಗಬೇಕು ಎಂಬ ತನ್ನ ಕ್ರಮವನ್ನು ಮೇಜಿನ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. ಹೆಗ್ಡೆಯವರು ಬರೆದುಕೊಂಡು ಕೇಳಿದರು:

“ಒಳ್ಳೆದುಂಟು ಶೆಟ್ರೆ. ಆದರೆ ನೀವು ಕಲಿಸಿದ್ದು ಕ್ಲಾಸಿನ ಹೊರಗೆ ಯಾರಲ್ಲಾದರೂ ಉಳಿಯಿತಾ? ಒಬ್ಬನ ಹೆಸರು ಹೇಳಿ.”

“ಸುಲೈಮಾನ್,” ಎಂದ ತಾರಾನಾಥ. ಯೋಚಿಸುವ ಮೊದಲೇ ನಾಲಿಗೆ ಹೇಳಿಯಾಗಿತ್ತು. ನಿಜವೂ ಅದೇ. ಅವನಲ್ಲಿ ಉಳಿದಷ್ಟು ಯಾರಲ್ಲೂ ಉಳಿದಿರಲಿಲ್ಲ.

“ಈಗ ಎಲ್ಲಿದ್ದಾನೆ?”

ಫ್ಯಾನು ತಿರುಗುತ್ತಿತ್ತು. ಪೌಲ್ ಸರ್ ನಗುಮುಖದಲ್ಲಿ ನೋಡುತ್ತಿದ್ದರು. ಸತ್ತ ಎನ್ನಲು ಹೆಣ ನೋಡಿದವರಿಲ್ಲ. ನೂರ್ ಮುಹಮ್ಮದನಿಗೆ ಕೊಟ್ಟ ಮಾತು ಬೇರೆ. ಈ ನೆಪವೆಲ್ಲ ಆಮೇಲೆ ಹುಡುಕಿಕೊಂಡದ್ದು. ಆ ಹೊತ್ತಿಗೆ ಬಾಯಿಗೆ ಬಂದದ್ದು ಊರಲ್ಲಿ ಎಲ್ಲರೂ ಎಲ್ಲರ ಬಗ್ಗೆ ಹೇಳುತ್ತಿದ್ದ ಮಾತು.

“ದುಬೈಯಲ್ಲಿದ್ದಾನೆ. ಒಳ್ಳೆ ಕೆಲಸದಲ್ಲಿದ್ದಾನೆ.”

ಹೆಗ್ಡೆಯವರ ಮುಖ ಅರಳಿತು. ಯೋಜನೆ ಉಳಿಯಿತು. ಮರುವರ್ಷ ವರದಿ ಪುಸ್ತಕವಾಗಿ ಬಂತು. ಸ್ವಾತಂತ್ರ್ಯದ ದಿನ ಪೌಲ್ ಸರ್ ಧ್ವಜದ ಕಂಬದ ಕೆಳಗೆ ನಿಂತು ಶಾಲೆಯ ಬಗ್ಗೆ ಬರೆದದ್ದನ್ನು ದೊಡ್ಡದಾಗಿ ಓದಿದರು: ಬೆಂಗ್ರೆಯ ಬಡ ಕುಟುಂಬದ ಸುಲೈಮಾನ್ ಈ ಕಾರ್ಯಕ್ರಮದ ಧೈರ್ಯದಿಂದಲೇ ಇಂದು ದುಬೈಯಲ್ಲಿ ಉತ್ತಮ ಉದ್ಯೋಗದಲ್ಲಿದ್ದಾನೆ. ಮಕ್ಕಳು ಚಪ್ಪಾಳೆ ಹೊಡೆದರು. ಆ ಮಾತು ಮಧ್ಯಾಹ್ನದ ದೋಣಿಯಲ್ಲಿ ಹೊಳೆ ದಾಟಿತು.

ಮರುದಿನ ಪಾತುಮ್ಮ ಶಾಲೆಗೆ ಬಂದಳು. ಅಷ್ಟು ವರ್ಷ ಮುದುಡಿದ್ದ ಬೆನ್ನು ನೆಟ್ಟಗಾಗಿತ್ತು. ಪೌಲ್ ಸರ್ ಒಂದು ಪುಸ್ತಕ ಕೊಟ್ಟರು. ಅವಳಿಗೆ ಓದು ಬಾರದು. ಮಗನ ಹೆಸರು ಎಲ್ಲಿದೆ ಎಂದು ಕೇಳಿ ಅಲ್ಲಿ ಬೆರಳಿಟ್ಟಳು. ಆಮೇಲೆ ನೀರಿನ ಬದಿಗೆ ಬಂದು ತಾರಾನಾಥನ ಮುಂದೆ ನಿಂತಳು. ಮಾಸ್ಟ್ರೆ, ನಿಮಗೆ ಅವನು ಬರೆಯುತ್ತಾನಾ, ನನಗೆ ಓದಲು ಬರುವುದಿಲ್ಲ ಅಂತ ನಿಮಗೆ ಬರೆಯುತ್ತಿರಬೇಕು, ವಿಳಾಸ ಕೊಡಿ ಎಂದಳು.

ವಿಳಾಸ ಬದಲಾಗುತ್ತಾ ಇರುತ್ತದೆ ಪಾತುಮ್ಮಕ್ಕ ಎಂದ ಇವನು. ಹೋಗಿ ಬರುವವರ ಕೈಯಲ್ಲಿ ಸುದ್ದಿ ಬರುತ್ತದೆ, ಅಷ್ಟೇ.

ಅವಳು ಅದನ್ನೂ ನಂಬಿದಳು. ಮುಂದಿನ ವಾರ ಹಾರ್ಲಿಕ್ಸ್ ಬಾಟ್ಲಿಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಕಾಗದದಲ್ಲಿ ಸುತ್ತಿದ ಒಣಮೀನು ತಂದಳು. ಹೋಗುವವರ ಕೈಯಲ್ಲಿ ಕಳಿಸಿ ಎಂದಳು. ತಾರಾನಾಥ ಕೈ ಚಾಚಿ ತೆಗೆದುಕೊಂಡ. ಕೈ ಚಾಚದೆ ಇರುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ ಅದೇ ರೂಢಿಯಾಯಿತು. ಬಾಟ್ಲಿಗಳನ್ನು ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ಫುಟ್ಬಾಲುಗಳ ಹಿಂದೆ ಇಟ್ಟ. ತಿನ್ನುವ ಹಾಗಿಲ್ಲ, ಬಿಸಾಡುವ ಹಾಗಿಲ್ಲ. ಮಳೆಗಾಲದಲ್ಲಿ ಒಣಮೀನು ಬೆವರಿ ಕೋಣೆಯೆಲ್ಲ ಸಮುದ್ರದ ವಾಸನೆ. ಬಾಗಿಲು ತೆರೆದರೆ ಯಾರೋ ಒದ್ದೆ ಮೈಯಲ್ಲಿ ಈಗಷ್ಟೇ ಒಳಗಿಂದ ಎದ್ದು ಹೋದ ಹಾಗೆ ಆಗುತ್ತಿತ್ತು. ಅವನು ಬೀಗ ಹಾಕಿ, ಹೊರಗೆ ನಿಂತು, ಮತ್ತೆ ಬೀಗ ಎಳೆದು ನೋಡುತ್ತಿದ್ದ.

ಎಂಬತ್ತೊಂದರ ಮಳೆಗಾಲ ಹಿಡಿದು ಸ್ವಲ್ಪ ದಿನವಾಗಿತ್ತು. ಝುಬೈದಾ ಬಂದಳು. ಸೀರೆಯ ಸೆರಗು ತಲೆಯ ಮೇಲೆ, ಕೈಯಲ್ಲಿ ನೀರಿಳಿಯುವ ಕೊಡೆ. ಮದುವೆಯ ದಿನ ನೋಡಿದ್ದ ಹುಡುಗಿ ಈಗ ಗಟ್ಟಿ ಹೆಂಗಸಾಗಿದ್ದಳು. ವರಾಂಡದ ಕಂಬಕ್ಕೆ ಒರಗದೆ ನೇರ ನಿಂತು ಮಾತಾಡಿದಳು. ಕುದ್ರೋಳಿಯ ಒಬ್ಬ ದರ್ಜಿ, ಹೆಂಡತಿ ತೀರಿಹೋದವನು, ತನ್ನನ್ನು ಕೇಳಿದ್ದಾನೆ. ಮನೆಯವರಿಗೆ ಒಪ್ಪಿಗೆ. ಬೆಂಗ್ರೆ ಮಸೀದಿಯ ಜಮಾತಿನವರ ಹತ್ತಿರ ಹೋದರೆ ಅತ್ತೆ ಆ ಪುಸ್ತಕ ತೆಗೆದು ತೋರಿಸಿದ್ದಾರೆ. ಸರಕಾರವೇ ಬದುಕಿದ್ದಾನೆ ಎಂದು ಅಚ್ಚು ಹಾಕಿದ ಮೇಲೆ ಹೇಗೆ ನಿಕಾಹ್ ಮಾಡಿಸುವುದು ಎಂದು ಅವರು ಕೇಳುತ್ತಾರೆ.

“ನಾನು ಅಳ್ಲಿಕ್ಕೆ ಬಂದದ್ದಲ್ಲ ಮಾಸ್ಟ್ರೆ,” ಎಂದಳು. “ಅವರು ಇದ್ದರೆ ಒಂದು ಕಾಗದ ತರಿಸಿ ಕೊಡಿ. ಇವಳನ್ನು ಬಿಟ್ಟಿದ್ದೇನೆ ಅಂತ ಬರೆದರೂ ಸಾಕು. ಇಲ್ಲದಿದ್ದರೆ ಇಲ್ಲ ಅಂತ ಹೇಳಿ. ಎರಡರಲ್ಲಿ ಒಂದು ನಿಮಗೆ ಗೊತ್ತುಂಟು.”

ವಿಚಾರಿಸ್ತೇನೆ ಎಂದ ತಾರಾನಾಥ. ಅವಳು ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಕೊಡೆ ಬಿಡಿಸಿದಳು, ಹೋದಳು.

ಆಟಿ ತಿಂಗಳು ಬಂತು. ನಮ್ಮ ಕಡೆ ಆಟಿಯಲ್ಲಿ ಮನೆಯ ತೀರಿಹೋದವರಿಗೆ ಬಡಿಸುವ ಕ್ರಮವಿದೆ. ಒಳಕೋಣೆಯಲ್ಲಿ ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಹೆಸರು ಹಿಡಿದು ಕರೆದು, ಬಾಗಿಲು ಎಳೆದುಕೊಂಡು ಮನೆಯವರು ಹೊರಗೆ ಕೂರುತ್ತಾರೆ. ಒಳಗೆ ಉಣ್ಣುವವರು ಉಣ್ಣುತ್ತಾರೆ. ತಾಯಿಮನೆಯ ಮೆಟ್ಟಿಲು ಹತ್ತದ ತಾರಾನಾಥ ಕುದ್ರೋಳಿಯ ಬಾಡಿಗೆ ಮನೆಯಲ್ಲೇ ತನ್ನ ತಾಯಿಗೆ, ರತ್ನಾವತಿಯ ತಂದೆ ತಾಯಿಗೆ ಬಡಿಸುತ್ತಿದ್ದ. ಆ ವರ್ಷ ರತ್ನಾವತಿ ಕೋಳಿ ಸಾರು, ಅನ್ನ ತಂದಿಟ್ಟು ನೋಡುತ್ತಾಳೆ, ಒಂದು ಎಲೆ ಹೆಚ್ಚಿಗೆ ಇದೆ. ಉಳಿದ ಎಲೆಗಳಿಂದ ಸ್ವಲ್ಪ ದೂರಕ್ಕೆ, ಬಾಗಿಲಿನ ಹತ್ತಿರ. ಗಂಡ ಅದರ ಮುಂದೆ ಕುಕ್ಕರಗಾಲಲ್ಲಿ ಕೂತು ಹಾರ್ಲಿಕ್ಸ್ ಬಾಟ್ಲಿಯಿಂದ ಉಪ್ಪಿನಕಾಯಿ ತೆಗೆದು ಹಾಕುತ್ತಿದ್ದಾನೆ. ಸುಟ್ಟ ಒಣಮೀನೂ ಇದೆ.

“ಇದು ಯಾರಿಗೆ?” ಎಂದು ಕೇಳಿದಳು ರತ್ನಾವತಿ. “ನಮ್ಮಲ್ಲಿ ಸತ್ತವರು ಯಾರ್ಯಾರು ಅಂತ ನನಗೆ ಗೊತ್ತಿಲ್ವಾ?”

ಅವನು ಹೇಳಿದ. ಹೆಗ್ಡೆಯವರ ಪ್ರಶ್ನೆಯಿಂದ ಝುಬೈದಾಳ ಕೊಡೆಯವರೆಗೆ ಎಲ್ಲ ಹೇಳಿದ. ರತ್ನಾವತಿ ನಿಂತೇ ಕೇಳಿದಳು. ಬ್ಯಾರಿಗಳ ಹುಡುಗನಿಗೆ ನಮ್ಮ ಎಲೆಯಾ ಎಂದು ಅವಳು ಕೇಳಲಿಲ್ಲ. ಕೇಳಿದ್ದು ಬೇರೆ.

“ಎಲೆ ಹಾಕಿದ ಮೇಲೆ ಸತ್ತ ಅಂತ ಒಪ್ಪಿದ ಹಾಗೆ ಅಲ್ವಾ? ಇಲ್ಲಿ ಬಡಿಸುವುದು, ಅಲ್ಲಿ ಬದುಕಿದ್ದಾನೆ ಅನ್ನುವುದು. ಅವನು ಎಲ್ಲಿಗೆ ಅಂತ ಬರಬೇಕು ಪಾಪ?”

ಕರೆಯುವ ಹೊತ್ತು ಬಂತು. ತಾಯಿಯನ್ನು ಕರೆದ, ಅತ್ತೆ ಮಾವನನ್ನು ಕರೆದ. ಸುಲೈಮಾನ್ ಎನ್ನಲು ಬಾಯಿ ತೆರೆದ, ಸ್ವರ ಹೊರಡಲಿಲ್ಲ. ಬಾಗಿಲು ಎಳೆದು ಇಬ್ಬರೂ ಹೊರಗೆ ಕೂತರು. ಹಂಚಿನ ಮಾಡಿನ ಮೇಲೆ ಮಳೆ. ಒಳಗೆ ನೀರು ತೊಟ್ಟಿಕ್ಕಿದ ಶಬ್ದ ಕೇಳಿತು, ಮಾಡು ಸೋರುತ್ತಿರಬೇಕು ಎಂದಳು ರತ್ನಾವತಿ. ಬಾಗಿಲು ತೆರೆದಾಗ ಮಾಡು ಎಲ್ಲಿಯೂ ಸೋರಿರಲಿಲ್ಲ. ಕೊನೆಯ ಎಲೆಯ ಮುಂದೆ ಮಾತ್ರ ನೆಲ ಒದ್ದೆಯಾಗಿತ್ತು. ಚೊಂಬಿನ ನೀರು ಚೆಲ್ಲಿದ್ದಿರಬಹುದು. ರತ್ನಾವತಿ ಬಟ್ಟೆ ತಂದು ಒರೆಸಿದಳು.

ಮರುದಿನ ತಾರಾನಾಥ ತೊಕ್ಕೊಟ್ಟಿಗೆ ಹೋದ. ನೂರ್ ಮುಹಮ್ಮದ್ ಅಷ್ಟರಲ್ಲಿ ದುಬೈ ಬಿಟ್ಟು ಬಂದು ಜಂಕ್ಷನ್ನಿನಲ್ಲಿ ಅಂಗಡಿ ಹಾಕಿದ್ದ. ಟೇಪ್‌ರೆಕಾರ್ಡರು, ಸೆಂಟು, ಕಂಬಳಿ. ನಾನು ಕೊಟ್ಟ ಮಾತು ವಾಪಸು ತೆಗೆದುಕೊಳ್ಳುತ್ತೇನೆ, ನೀನೂ ಬೆಂಗ್ರೆಗೆ ಬರಬೇಕು ಎಂದ ತಾರಾನಾಥ. ನೂರ್ ಮುಹಮ್ಮದ್ ಆಗುವುದಿಲ್ಲ ಎಂದ. ತಮ್ಮ ಹೋಗಿ ಮುಟ್ಟಿದ್ದಾನಲ್ಲ, ಇನ್ನೆಂತ ಹೆದರಿಕೆ ಎಂದು ಇವನು ಕೇಳಿದ. ಆಗುವುದಿಲ್ಲ ಎಂದ ಅವನು. ತಾರಾನಾಥನ ಸಿಟ್ಟು ನೆತ್ತಿಗೇರಿತು. ಗಿರಾಕಿಗಳ ಎದುರಿಗೇ ಅವನ ಶರ್ಟಿನ ಎದೆ ಹಿಡಿದ. ನೂರ್ ಮುಹಮ್ಮದ್ ಬಿಡಿಸಿಕೊಳ್ಳಲಿಲ್ಲ. ಸಣ್ಣ ದನಿಯಲ್ಲಿ ಹೇಳಿದ:

“ಹಿಂದೆ ಕೂಗಿದ್ದು ನಾನು ಮಾಸ್ಟ್ರೆ. ನನಗೆ ಈಜು ಬರುವುದಿಲ್ಲ.”

ತಾರಾನಾಥನ ಕೈ ತಾನಾಗಿ ಬಿಟ್ಟಿತು.

“ಅವನ ಹತ್ತಿರ ಎಣ್ಣೆಯ ಖಾಲಿ ಡಬ್ಬ ಒಂದಿತ್ತು. ಅದನ್ನು ನನ್ನ ಎದೆಯ ಕೆಳಗೆ ಕೊಟ್ಟ. ಹಿಂದಿನಿಂದ ದೂಡಿಕೊಂಡು ಬಂದ. ಕಾಲಿಗೆ ಮರಳು ತಾಗಿದಾಗ ತಿರುಗಿ ನೋಡ್ತೇನೆ, ದೂಡುವವನು ಇಲ್ಲ.” ಅವನು ಅಂಗಡಿಯ ಗಾಜಿನ ಕಪಾಟನ್ನು ಒರೆಸಲು ತೊಡಗಿದ. “ಪಾತುಮ್ಮನ ಎದುರು ಹೇಗೆ ನಿಲ್ಲಲಿ? ನೀನು ಉಳಿದೆಯಲ್ಲ, ಅವನನ್ನು ವಾಪಸು ಕೊಡು ಅಂದರೆ?”

ಶುಕ್ರವಾರ ನಮಾಜು ಮುಗಿದ ಮೇಲೆ ತಾರಾನಾಥ ದೋಣಿ ಹತ್ತಿದ. ರತ್ನಾವತಿ ಇಸ್ತ್ರಿ ಮಾಡಿದ ಪಂಚೆ ಕೊಟ್ಟಿದ್ದಳು. ದೋಣಿ ಬಿಡುವ ಹೊತ್ತಿಗೆ ಹಿಂದಿನಿಂದ ಒಬ್ಬ ಹತ್ತಿ ಇನ್ನೊಂದು ತುದಿಯಲ್ಲಿ ಕೂತ. ನೂರ್ ಮುಹಮ್ಮದ್. ಮುಖ ಬೂದಿಯಾಗಿತ್ತು, ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದಿದ್ದ.

ಮಸೀದಿಯ ಹೊರಗಿನ ಚಪ್ಪರದಲ್ಲಿ ಜಮಾತಿನ ಹಿರಿಯ ಅಹ್ಮದ್ ಬಾವ ಮತ್ತು ನಾಲ್ಕು ಜನ ಕೂತಿದ್ದರು. ಪಾತುಮ್ಮನೂ ಝುಬೈದಾಳೂ ಪಕ್ಕದ ಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು. ತಾರಾನಾಥ ನಿಂತುಕೊಂಡೇ ಹೇಳಿದ. ಪುಸ್ತಕದಲ್ಲಿ ಬಂದದ್ದು ಸುಳ್ಳು, ಹೇಳಿದವನು ನಾನು, ಸುಲೈಮಾನ್ ಇಲ್ಲ ಎಂದ. ಯಾರೂ ಎದ್ದು ನಿಲ್ಲಲಿಲ್ಲ, ಬೈಯಲಿಲ್ಲ. ಅಹ್ಮದ್ ಬಾವ ಗಡ್ಡ ನೇವರಿಸಿ ಕೇಳಿದರು, ನೀವು ಕಣ್ಣಿನಿಂದ ನೋಡಿದ್ದೀರಾ ಮಾಸ್ಟ್ರೆ? ಆಗ ಇದ್ದಾನೆ ಎಂದಿರಿ, ಈಗ ಇಲ್ಲ ಎನ್ನುತ್ತೀರಿ. ಯಾವುದನ್ನು ಹಿಡಿಯುವುದು?

ನಾನು ನೋಡಿದ್ದೇನೆ ಎಂದು ನೂರ್ ಮುಹಮ್ಮದ್ ಹಿಂದಿನಿಂದ ಮುಂದೆ ಬಂದ. ಹೇಳಿದ. ಎಣ್ಣೆಯ ಡಬ್ಬದವರೆಗೆ, ಮರಳಿನವರೆಗೆ ಎಲ್ಲ ಹೇಳಿದ.

ಬಾಗಿಲ ಮರೆಯಿಂದ ಪಾತುಮ್ಮನ ದನಿ ಬಂತು.

“ಅವನು ದಡ ಮುಟ್ಟಿದ್ದನಾ?”

“ಮುಟ್ಟಿದ್ದ.”

“ಕಾಲೂರಿ ನಿಂತಿದ್ದನಾ?”

“ನಿಂತಿದ್ದ.”

“ಮತ್ತೆ ಯಾಕೆ ಹೋದ?”

ನೂರ್ ಮುಹಮ್ಮದ್ ತಲೆ ತಗ್ಗಿಸಿದ. ಉತ್ತರ ಕೊಡಬೇಕಾದವನು ಅವನಲ್ಲ. ತಾರಾನಾಥ ತನ್ನ ಅಂಗೈ ನೋಡಿಕೊಂಡ.

“ನಾನು ಕಲಿಸಿದ್ದು ಪಾತುಮ್ಮಕ್ಕ. ಮೊದಲ ದಿನ ಹೋಗಲಿಲ್ಲ. ಹೊಡೆದು ಕಲಿಸಿದೆ.”

ಅವಳು ಮರೆಯಿಂದ ಹೊರಗೆ ಬಂದಳು. ಇವನ ಎದುರು ನಿಂತಳು. ಹೊಡೆಯುತ್ತಾಳೆ ಎಂದು ತಾರಾನಾಥ ಕಾದ, ಹೊಡೆದರೆ ಒಳ್ಳೆಯದಿತ್ತು.

“ನಿಮ್ಮ ಮಾತು ಒಂದನ್ನೂ ತಪ್ಪಲಿಲ್ಲ ಅವನು,” ಎಂದಳು. “ನನ್ನದು ಒಂದೇ ಒಂದು ಮಾತಿತ್ತು. ಹೋಗಬೇಡ ಅಂತ.”

ಆಮೇಲೆ, ಮರೆತದ್ದು ಈಗ ನೆನಪಾದ ಹಾಗೆ ಕೇಳಿದಳು, ನಾನು ಕೊಟ್ಟದ್ದನ್ನೆಲ್ಲ ಎಂತ ಮಾಡಿದಿರಿ? ತಾರಾನಾಥ ಸುಳ್ಳು ಹೇಳಲಿಲ್ಲ. ನಮ್ಮ ಕ್ರಮದಲ್ಲಿ ಎಲೆ ಹಾಕಿ ಅವನಿಗೆ ಬಡಿಸಿದೆ ಎಂದ. ಚಪ್ಪರದಲ್ಲಿ ಗುಸುಗುಸು ಎದ್ದಿತು, ಇದೆಂತ ಎಂದು ಒಬ್ಬ ಶುರುಮಾಡಿದ. ಅಹ್ಮದ್ ಬಾವ ಕೈ ಎತ್ತಿ ನಿಲ್ಲಿಸಿದರು. ಪಾತುಮ್ಮನಿಗೆ ಅದೊಂದೂ ಕೇಳಿಸಲಿಲ್ಲ.

“ಉಪ್ಪಿನಕಾಯಿ ಹಾಕಿದ್ದೀರಾ?”

“ಹಾಕಿದ್ದೇನೆ.”

ಅವಳು ತಲೆಯಾಡಿಸಿದಳು. ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಒಳಗಿಂದ ಅಳು ಕೇಳಿತು; ಏಳು ವರ್ಷ ತಡವಾಗಿ ಹೊರಟ ಅಳು. ಝುಬೈದಾಳೂ ಅಳುತ್ತಿದ್ದಳು. ಅಳ್ಲಿಕ್ಕೆ ಬಂದದ್ದಲ್ಲ ಎಂದಿದ್ದವಳು.

ಮುಂದಿನ ಶುಕ್ರವಾರ ಬೆಂಗ್ರೆಯ ಮಸೀದಿಯಲ್ಲಿ ದೇಹವಿಲ್ಲದೆಯೇ ಸುಲೈಮಾನನಿಗೆ, ತೀರಿಹೋದವರಿಗೆ ಮಾಡುವ ಮಯ್ಯತ್ ನಮಾಜು ಆಯಿತು. ಝುಬೈದಾ ಗಂಡ ತೀರಿದವರು ಕೂರುವ ಇದ್ದತ್ ಕೂತು ಎದ್ದು, ದರ್ಜಿಯನ್ನು ಮದುವೆಯಾದಳು. ಮದುವೆಗೆ ಪಾತುಮ್ಮ ಹೋಗಿದ್ದಳು ಎಂದು ದೋಣಿಯವರು ಹೇಳುತ್ತಿದ್ದರು. ನೂರ್ ಮುಹಮ್ಮದ್ ತಿಂಗಳಿಗೊಮ್ಮೆ ಬೆಂಗ್ರೆಗೆ ಹೋಗಿ ಪಾತುಮ್ಮನ ಜಗಲಿಯಲ್ಲಿ ಕೂತು ಬರುತ್ತಿದ್ದ. ಅವಳು ಅವನಿಗೆ ಬೈಯುತ್ತಲೂ ಇರಲಿಲ್ಲ, ಚಹಾ ಕೊಡುತ್ತಲೂ ಇರಲಿಲ್ಲ. ಅವನು ಹೋಗುವುದನ್ನು ಬಿಡಲಿಲ್ಲ.

ಎಂಬತ್ತಮೂರರ ಮೇ ತಿಂಗಳಲ್ಲಿ ಹೆಗ್ಡೆಯವರು ಎರಡನೇ ಮೌಲ್ಯಮಾಪನಕ್ಕೆ ಬಂದರು. ಮತ್ತೆ ರಜೆ, ಮತ್ತೆ ಬೆಂಚಿನ ಮೇಲೆ ಬೆಂಚು. ಅದೇ ಪ್ರಶ್ನೆ ಕೇಳಿದರು. ತಾರಾನಾಥ ಈ ಸಲ ಚಹಾ ಮುಟ್ಟಲಿಲ್ಲ. ಕಳೆದ ಸಲ ಬರೆದದ್ದನ್ನು ಹೊಡೆದು ಹಾಕಿ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಹೆಗ್ಡೆಯವರ ಪೆನ್ನು ಕಾಗದದ ಮೇಲೆ ನಿಂತಿತು. ಕೆಟ್ಟ ಮನುಷ್ಯರಲ್ಲ ಅವರು. ತಲೆಯೆತ್ತಿ ಕೇಳಿದರು:

“ಇದನ್ನು ನಾನು ಯಾವ ಕಡೆಗೆ ಬರೆಯಲಿ ಶೆಟ್ರೆ? ಸಫಲವಾ, ವಿಫಲವಾ?”

“ನಾನು ಅದನ್ನೇ ಯೋಚಿಸ್ತಾ ಇದ್ದೇನೆ,” ಎಂದ ತಾರಾನಾಥ. “ನಿಮಗೆ ಗೊತ್ತಾದರೆ ಒಂದು ಕಾರ್ಡು ಹಾಕಿ.”

ಕಾರ್ಡು ಬರಲಿಲ್ಲ. ಯೋಜನೆ ಆ ವರ್ಷಕ್ಕೆ ನಿಂತಿತು. ಅದು ತಾರಾನಾಥ ಹೇಳಿದ್ದಕ್ಕಾ, ಬೆಂಗಳೂರಿನಲ್ಲಿ ಬೇರೇನಾದರೂ ಕಾರಣವಿತ್ತಾ, ಪೌಲ್ ಸರ್‌ಗೂ ಗೊತ್ತಿರಲಿಲ್ಲ. ತಾರಾನಾಥ ಮತ್ತೆ ಸಂಬಂಧಿಕರ ಹೋಟೆಲಿಗೆ ಹೋದ. ಈ ಸಲ ಗಲ್ಲಾಪೆಟ್ಟಿಗೆಯ ಹಿಂದಲ್ಲ, ಉಗ್ರಾಣದಲ್ಲಿ. ಅಲ್ಲಿ ಬೈಯಲು ಗಿರಾಕಿಗಳಿಲ್ಲ.

ಸಂಜೆಯಾದರೆ ಮಾತ್ರ ಅವನ ಕಾಲು ದಕ್ಕೆಗೇ ಹೋಗುತ್ತಿತ್ತು. ಕ್ಲಾಸು ಇಲ್ಲದಿದ್ದರೂ ಮಕ್ಕಳು ನೀರಿಗೆ ಬೀಳುತ್ತಿದ್ದರು. ಅವನು ಕಲಿಸದ ಮಕ್ಕಳು, ಅವನ ಹೆಸರು ಕೇಳಿರದ ಮಕ್ಕಳು. ಮರಳದಿಬ್ಬದಿಂದ ಪಂತ ಕಟ್ಟಿ ಈಜಿ ಬರುತ್ತಿದ್ದರು. ಮೊದಲು ಕಲ್ಲು ಮುಟ್ಟಿದವನು, ಯಾರೂ ಹೇಳದೆ, ಮೂಗು ಸೀಟಿ ತಿರುಗಿ ಹೋಗುತ್ತಿದ್ದ. ಅದು ಈಗ ಆ ನೀರಿನ ಆಟದ ಕ್ರಮವೇ ಆಗಿಬಿಟ್ಟಿತ್ತು. ತಾರಾನಾಥ ಕೂತು ನೋಡುತ್ತಿದ್ದ. ಹೋಗು ಎನ್ನಲು ಬಾಯಿ ಬರುತ್ತಿರಲಿಲ್ಲ, ಬೇಡ ಎನ್ನಲೂ ಬರುತ್ತಿರಲಿಲ್ಲ. ಸುಮ್ಮನೆ ತಲೆ ಎಣಿಸುತ್ತಿದ್ದ. ಒಂದು ಹೆಚ್ಚಿಗೆ ಇರುತ್ತಿತ್ತು.

ಒಂದು ಸಂಜೆ ಮಕ್ಕಳೆಲ್ಲ ದಡ ಹತ್ತಿ, ಚಡ್ಡಿ ಹಿಂಡಿ, ಗಲಾಟೆ ಮಾಡುತ್ತಾ ಹೋದರು. ದೋಣಿಯವನೊಬ್ಬ ಹಗ್ಗ ಕಟ್ಟಿ ಬೀಡಿ ಹಚ್ಚಿದ. ಹೊಳೆ ಬೋಳಾಗಿತ್ತು. ಆ ಒಂದು ತಲೆ ಮಾತ್ರ ಅಳಿವೆಬಾಗಿಲಿನ ಕಡೆ ಹೋಗುತ್ತಲೇ ಇತ್ತು, ಇನ್ನೂ ಯಾರನ್ನೋ ಹುಡುಕುವ ಹಾಗೆ. ತಾರಾನಾಥ ಎದ್ದ. ಮೊಣಕಾಲುಮಟ್ಟ ನೀರಿಗೆ ಇಳಿದ. ಆಟಿಯ ದಿನ ಬಾಗಿಲಿನ ಹತ್ತಿರ ಹೊರಡದೆ ಉಳಿದಿದ್ದ ಹೆಸರು ಆಗ ಹೊರಟಿತು.

“ಸುಲೈಮಾನ್. ಎಲ್ಲರೂ ಮುಟ್ಟಿಯಾಯಿತು ಮಾರಾಯ. ಸಾಕು, ಬಾ.”

ದೋಣಿಯವನು ಬೀಡಿ ಬಾಯಿಂದ ತೆಗೆದು ಆಚೀಚೆ ನೋಡಿದ. ಯಾರೂ ಕಾಣಲಿಲ್ಲ. ನೀರು ಮಾಸ್ಟ್ರು ಕೈ ಮುಂದಕ್ಕೆ ಚಾಚಿಕೊಂಡು, ಯಾರನ್ನೋ ಕಲ್ಲುಕಟ್ಟೆಗೆ ಎಳೆದುಕೊಳ್ಳಲು ಕಾಯುವವನ ಹಾಗೆ, ಕತ್ತಲಾಗುವವರೆಗೂ ಅಲ್ಲೇ ನಿಂತಿದ್ದ.